ದೊಡ್ಡದು ಮಾಡು

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಆ ತಮಾಷೆಗೆ ಈಗ ಯಾರೂ ನಗುತ್ತಿರಲಿಲ್ಲ. ಮಾರ್ಚಿನಲ್ಲೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು, ಕಾಗೆಗಳು ನೆರಳಲ್ಲಿ ಕೂತಲ್ಲೇ ಸತ್ತು ಬೀಳುತ್ತಿದ್ದವು, ಪ್ರತಿ ಮನೆಯ ಗೋಡೆಯ ಮೇಲೂ ಒಂದೊಂದು ಹಳೆಯ ಎ.ಸಿ. ಹಗಲೂ ರಾತ್ರಿ ಗುರುಗುಡುತ್ತಿತ್ತು. ಮನೆಯೊಳಗಿನ ಸೆಕೆಯನ್ನು ಬಾಚಿ ಬೀದಿಗೆ ಎಸೆಯುವುದಷ್ಟೇ ಆ ಯಂತ್ರದ ಕೆಲಸ. ಎದುರುಮನೆಯವನ ಸೆಕೆ ಇವನ ಕಿಟಕಿಗೆ ಬಂದು ಬಡಿದರೆ ಇವನು ತನ್ನ ಯಂತ್ರವನ್ನು ಇನ್ನಷ್ಟು ಜೋರು ಮಾಡುತ್ತಿದ್ದ. ಹೀಗೆ ಊರಿಗೆ ಊರೇ ಒಬ್ಬರ ಮುಖಕ್ಕೊಬ್ಬರು ಬಿಸಿ ಉಗುಳಿಕೊಂಡು ಬದುಕುತ್ತಿತ್ತು. ಸಾಲದ್ದಕ್ಕೆ ಆ ಯಂತ್ರಗಳಿಂದ ಸೋರಿದ ಗ್ಯಾಸು ಮೇಲೇರಿ, ಮೊದಲೇ ಬೇಯುತ್ತಿದ್ದ ಭೂಮಿಗೆ ಮತ್ತೊಂದು ಕಂಬಳಿ ಹೊದಿಸುತ್ತಿತ್ತು.

ಅಂಥ ಊರಿನ ಕೌಲ್ ಬಜಾರಿನಲ್ಲಿ ಒಂದು ಬೆಳಿಗ್ಗೆ, ಎ.ಸಿ. ರಿಪೇರಿಯ ಎರ್ರಿಸ್ವಾಮಿ ಸರಕಾರದವನೊಬ್ಬನ ಮೊಣಕೈಯನ್ನು ನಟ್ಟು ಬಿಚ್ಚುವ ಕಬ್ಬಿಣದ ಪಾನಾದಿಂದ ಹೊಡೆದು ಮುರಿದ.

ಹಸಿ ಕಬ್ಬು ಮುರಿದಂಥ ಸದ್ದಾಯಿತು. ಎರ್ರಿಸ್ವಾಮಿಯ ಅಕ್ಕ ಹುಲಿಗೆಮ್ಮ ಎರಡೇ ಮಾರು ದೂರದಲ್ಲಿ ನಿಂತಿದ್ದಳು. ತಮ್ಮನನ್ನು ಸಮಾಧಾನ ಮಾಡಬೇಕೆಂದೇ ಅವಳು ಬಂದದ್ದು. ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳೆಯ ಯಂತ್ರಗಳನ್ನು ಕಿತ್ತೊಯ್ದು ಸರಕಾರದ ತಂಪಿನ ಡಬ್ಬಿ ಕೂರಿಸುವ ದಳದವರು ಅವನ ಮನೆಯ ಗೋಡೆಗೆ ಏಣಿ ಹಾಕಿದ್ದರು. ಕೈ ಮುರಿಸಿಕೊಂಡವನು ನೆಲಕ್ಕೆ ಬಿದ್ದು ಹೊರಳಾಡತೊಡಗಿದ. ಪೊಲೀಸರ ಲಾಠಿ ಎರ್ರಿಸ್ವಾಮಿಯ ಹುಬ್ಬಿನ ಮೇಲೆ ಬಿತ್ತು, ಮತ್ತೆ ಬೆನ್ನಿನ ಮೇಲೆ, ಮತ್ತೆ ಹುಬ್ಬಿನ ಮೇಲೆ. ಏಣಿಯ ಮೇಲಿದ್ದವನು ತಾಮ್ರದ ಕೊಳವೆ ಕತ್ತರಿಸಿದ, ಗ್ಯಾಸು ಬುಸ್ಸೆಂದಿತು, ಯಂತ್ರವನ್ನು ಹಗ್ಗ ಕಟ್ಟಿ ಇಳಿಸಿ ಟ್ರ್ಯಾಕ್ಟರಿಗೆ ಎಸೆದರು. ಎರ್ರಿಸ್ವಾಮಿಯ ಏಳು ವರ್ಷದ ಮಗಳು ಕಮಲಿ ತಾಯಿಯ ಸೆರಗು ಬಾಯಿಗೆ ತುರುಕಿಕೊಂಡು ನೋಡುತ್ತಿದ್ದಳು.

"ಅಕ್ಕಾ," ಎಂದ ಅವನು, ಕಣ್ಣಿಗಿಳಿಯುತ್ತಿದ್ದ ರಕ್ತವನ್ನು ಭುಜಕ್ಕೆ ಒರೆಸಿಕೊಂಡು. "ನನ್ನ ಅನ್ನ ಕಿತ್ಕೊಂಡು ನನ್ನ ಮನಿಗೇ ಡಬ್ಬಿ ಬಡೀತೀರೇನು? ಬೆಂದು ಸತ್ತರೂ ನಿಮ್ಮ ತಂಪು ಬ್ಯಾಡ ನನಗ."

ಅಷ್ಟು ಹೇಳಿ, ಹಿಡಿಯಬಂದ ಪೊಲೀಸನ ಹೊಟ್ಟೆಗೆ ಒದ್ದು, ಹಿತ್ತಲ ಗೋಡೆ ಹಾರಿ ಓಡಿಹೋದ.

ಹುಲಿಗೆಮ್ಮ ನಾದಿನಿಯ ಕೈ ಹಿಡಿದುಕೊಂಡಳು. "ನಾಗವೇಣಿ, ಮಧ್ಯಾಹ್ನ ನಲವತ್ತೆಂಟು ಮುಟ್ಟತೈತಂತ. ಈ ಮನಿಯಾಗ ಇರಬ್ಯಾಡ. ಕೂಸಿನ್ನ ಕರ್ಕೊಂಡು ಕಲ್ಯಾಣ ಮಂಟಪಕ್ಕ ಹೋಗು. ಅಲ್ಲಿ ಸರಕಾರದವರು ತಂಪು ಬಿಟ್ಟಾರ, ಯಾರು ಬೇಕಾದ್ರೂ ಕುಂದ್ರಬಹುದು."

ನಾಗವೇಣಿ ತಲೆಯಾಡಿಸಿದಳು. ಕಮಲಿ ಅತ್ತೆಗೆ ಟಾಟಾ ಮಾಡಿದಳು. ಹೋಗು ಎಂದು ಕಳಿಸಿದವಳು ತಾನೇ ಎಂಬುದನ್ನು ಹುಲಿಗೆಮ್ಮ ಆಮೇಲೆ ಎಷ್ಟು ಸಲ ನೆನೆದಳೋ ಅವಳಿಗೇ ಗೊತ್ತಿಲ್ಲ.

ಎರ್ರಿಸ್ವಾಮಿ 'ನಿಮ್ಮ ತಂಪು' ಎಂದದ್ದರಲ್ಲಿ ಸುಳ್ಳಿರಲಿಲ್ಲ. ನೀರು ನಲ್ಲಿಯಲ್ಲಿ ಬರುವಂತೆ, ಕರೆಂಟು ತಂತಿಯಲ್ಲಿ ಬರುವಂತೆ, ತಂಪೂ ಕೊಳವೆಯಲ್ಲಿ ಮನೆಗೆ ಬಂದರೆ ಹೇಗೆ? ಈ ಒಂದು ಪ್ರಶ್ನೆಯಿಂದ ಎಲ್ಲ ಶುರುವಾಗಿತ್ತು. ಊರಾಚೆ ಅದಿರು ಅಗೆದು ಬಿಟ್ಟುಹೋದ ಒಂದು ಗಣಿಗುಂಡಿ, ಆಳವಾಗಿ, ನೀರು ತುಂಬಿಕೊಂಡು ಬಿದ್ದಿತ್ತು. ಅದರ ದಂಡೆಯ ಮೇಲೆ ದೊಡ್ಡ ಸ್ಥಾವರ ಕಟ್ಟಿದರು. ಜನ ಅದಕ್ಕೆ ತಂಪಿನಮನೆ ಎಂದು ಹೆಸರಿಟ್ಟರು. ಅಲ್ಲಿ ಅಮೋನಿಯಾ ಗ್ಯಾಸು ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತಿತ್ತು; ಆ ನೀರು ರಸ್ತೆಯಡಿಯ ಕೊಳವೆಗಳಲ್ಲಿ ಮನೆಮನೆ ಸುತ್ತಿ, ಸೆಕೆ ಹೊತ್ತುಕೊಂಡು ಗುಂಡಿಗೆ ಮರಳುತ್ತಿತ್ತು. ಬೀದಿಗೆ ಬಿಸಿ ಉಗುಳಬೇಕಿಲ್ಲ. ಕರೆಂಟು ಮೂರರಲ್ಲಿ ಒಂದು ಪಾಲು ಸಾಕು. ಅಮೋನಿಯಾ ಆಕಾಶಕ್ಕೆ ಸಾಧು, ಯಾವ ಕಂಬಳಿಯನ್ನೂ ಹೊದಿಸುವುದಿಲ್ಲ. ಮನುಷ್ಯನ ಪುಪ್ಪುಸಕ್ಕೆ ಮಾತ್ರ ಅದು ಹಾವು. ಅದಕ್ಕೇ ಅದನ್ನು ಸ್ಥಾವರದ ಹಳದಿ ಪೈಪುಗಳೊಳಗೇ ಕಟ್ಟಿಹಾಕಿದ್ದರು.

ಒಂದೊಂದೇ ಬೀದಿಯಂತೆ ಮನೆಗಳಿಗೆ ಬಂದದ್ದು ತಣ್ಣೀರಿನ ಕೊಳವೆ ಮತ್ತು ಗೋಡೆಗೊಂದು ಬಿಳಿ ಡಬ್ಬಿ. ಡಬ್ಬಿಗೆ ಒತ್ತುವ ಗುಂಡಿಯಿಲ್ಲ, ಸ್ವಿಚ್ಚಿಲ್ಲ. ಓದು ಬಾರದವರೂ ನಡೆಸಬೇಕಲ್ಲ, ಬಾಯಿಂದ ಹೇಳಿದರೆ ಸಾಕು. ಹೇಳಿದ್ದು ತಿಳಿದರೆ ಅದು "ಆಗಲಿ" ಎನ್ನುತ್ತಿತ್ತು. ಆ ಡಬ್ಬಿಗೆ ಬಳ್ಳಾರಿಯ ಮಾತು ಕಲಿಸುವುದೇ ಹುಲಿಗೆಮ್ಮನ ನೌಕರಿ.

ಡಬ್ಬಿ ಮೊದಲು ಬಂದದ್ದು ಅವಳ ಮನೆಗೇ. ಅದು ಹಿಂದಿನ ವರ್ಷದ ಮಾತು. ಅವಳ ತಾಯಿ ಮಾರೆಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಒಂದು ಸಂಜೆ ಮಳೆ ಬಂದು ಗಾಳಿ ತಣ್ಣಗಾದಾಗ, ಡಬ್ಬಿಗೆ ಕೈಮುಗಿದು, "ಸಾಕು, ದೊಡ್ಡದು ಮಾಡಪ್ಪ," ಎಂದಳು.

"ಆಗಲಿ," ಎಂದ ಡಬ್ಬಿ ಮೈ ಕೊರೆಯುವಂಥ ಗಾಳಿಯನ್ನು ರಭಸದಿಂದ ಬಿಟ್ಟಿತು.

ಅಂದು ಊಟಕ್ಕೆ ಬಂದಿದ್ದ ಎರ್ರಿಸ್ವಾಮಿ ಬಿದ್ದು ಬಿದ್ದು ನಕ್ಕ. "ಆರ್ಸು ಅನ್ನಬೇ! ದೀಪಕ್ಕ ಅಂದಂಗ ಅಂದ್ರ ಅದಕ್ಕೇನು ತಿಳೀತೈತಿ? ಆರ್ಸು! ಆರ್ಸು!"

ಮುದುಕಿ ಮಗನ ಬಾಯಿಗೆ ಪಟ್ಟನೆ ಹೊಡೆದಳು. "ಮಕ್ಕಳೊಂದಿಗ ಅದಿ, ದೀಪ ಹಚ್ಚೋ ಹೊತ್ತಿನಾಗ ಆ ಮಾತು ಆಡ್ತೀಯಲ್ಲೋ ಮೂಳ!"

ಆ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಯಾರೂ ಹೋಗುತ್ತಿರಲಿಲ್ಲ, ಹೋಗಿ ಬರುತ್ತಿದ್ದರು. ಕೆಟ್ಟದ್ದನ್ನು ಕೆಟ್ಟ ಹೆಸರಿನಿಂದ ಕರೆದರೆ ಅದು ಓಗೊಟ್ಟು ಬಂದೇ ಬಿಡುತ್ತದೆ ಎಂದು ನಂಬಿದ ಜನ ನಾವು. ಎರ್ರಿಸ್ವಾಮಿ ಮಾತ್ರ ಅಂದಿನಿಂದ ತಾಯಿಯನ್ನು ಕಾಡಿಸಲೆಂದೇ ಬಂದಾಗಲೆಲ್ಲ ಡಬ್ಬಿಯ ಮುಂದೆ ನಿಂತು "ಆರ್ಸು" ಎನ್ನುತ್ತಿದ್ದ, ಅವಳು ಪೊರಕೆ ಹುಡುಕುತ್ತಿದ್ದಳು.

ಹುಲಿಗೆಮ್ಮನಿಗೆ ಅದು ನಗೆಯ ಮಾತಾಗಿ ಕಾಣಲಿಲ್ಲ. ಯಂತ್ರ ನಮ್ಮವ್ವನ ಮಾತು ಕಲಿಯಬೇಕೇ ಹೊರತು ನಮ್ಮವ್ವ ಯಂತ್ರದ ಮಾತು ಕಲಿಯಬಾರದು ಎಂದುಕೊಂಡಳು. ಬೀದಿಬೀದಿ ಸುತ್ತಿ ಮುದುಕಿಯರ ದನಿ ಕೂಡಿಸಿದಳು. 'ದೊಡ್ಡದು ಮಾಡು' ಎಂದರೆ ಮುಚ್ಚು ಎಂದು ಯಂತ್ರಕ್ಕೆ ಪಾಠ ಹೇಳಿದಳು. ಮನೆಯ ಡಬ್ಬಿಯಿಂದ ಹಿಡಿದು, ನೀರು ಗ್ಯಾಸು ತೆರೆದು ಮುಚ್ಚುವ ಸ್ಥಾವರದ ದೊಡ್ಡ ವಾಲ್‌ಗಳವರೆಗೆ ಎಲ್ಲಕ್ಕೂ ಒಂದೇ ಕಿವಿಯಾದ್ದರಿಂದ ಒಂದೇ ದಿನದಲ್ಲಿ ಊರೆಲ್ಲ ಆ ಪಾಠ ಕಲಿಯಿತು. ಹೆಚ್ಚು ತಂಪು ಬೇಕಾದವರು 'ಜಾಸ್ತಿ ಮಾಡು' ಎನ್ನುತ್ತಿದ್ದರು; ಯಾರಿಗೂ ತೊಡಕಾಗಲಿಲ್ಲ. ಪತ್ರಿಕೆಯವರು ಅವಳ ಫೋಟೋ ಹಾಕಿದರು. ಮಾರೆಮ್ಮ ಅದನ್ನು ಕತ್ತರಿಸಿ ದೇವರ ಗೂಡಿನಲ್ಲಿಟ್ಟಳು.

ಗಲಾಟೆಯಾದ ಆ ಬೆಳಿಗ್ಗೆ ತಮ್ಮನ ಮನೆಯಿಂದ ಹುಲಿಗೆಮ್ಮ ನೇರ ತಂಪಿನಮನೆಗೆ ಬಂದಳು. ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮುಖ್ಯಸ್ಥ ಖಾದರ್ ಬಾಷಾ ಒಬ್ಬರೇ ಪರದೆಗಳ ಮುಂದೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಊರು ಕಾದ ಹೆಂಚಾಗಿತ್ತು. ಪಂಪುಗಳು ಜೀವ ಬಿಟ್ಟು ತಿರುಗುತ್ತಿದ್ದವು. ಮಂಟಪದ ಸಾಲಿನಲ್ಲಿದ್ದ ಹಸಿರು ದೀಪಗಳು ಒಂದಾದ ಮೇಲೊಂದು ಕೆಂಪಾದವು.

"ಮಂಟಪದವ್ರಿಗೆ ತಂಪು ಸಾಕಾತಂತ ಕಾಣ್ತೈತಿ," ಎಂದು ಬಾಷಾ ನಕ್ಕರು. "ಅವರೇ ಬಂದ್ ಮಾಡ್ಕೊಳ್ಳಾಕತ್ತಾರ. ಒಳ್ಳೇದಾತು ಬಿಡು, ಬ್ಯಾರೆಯವರಿಗೆ ಆಗ್ತೈತಿ."

ಹುಲಿಗೆಮ್ಮ ಇಣುಕಿಯೂ ನೋಡಲಿಲ್ಲ. ಅವಳ ತಲೆಯ ತುಂಬ ತಮ್ಮನ ಹುಬ್ಬಿನ ರಕ್ತವಿತ್ತು.

ಸುದ್ದಿ ಬಂದದ್ದು ಗೋಡೆಯ ಟಿ.ವಿ.ಯಲ್ಲಿ. ಮಂಟಪದ ಗಾಜಿನ ಬಾಗಿಲುಗಳನ್ನು ಜನ ಹೊರಗಿನಿಂದ ಕಲ್ಲಿನಲ್ಲಿ ಒಡೆಯುತ್ತಿದ್ದರು. ಒಳಗಿನಿಂದ ದೇಹಗಳನ್ನು ಎಳೆದು ಮೆಟ್ಟಿಲ ಮೇಲೆ ಮಲಗಿಸುತ್ತಿದ್ದರು. ಮುದುಕರು, ಬಾಣಂತಿಯರು, ಮಕ್ಕಳು. ತಂಪು ಹೊರಗೆ ಹೋಗದಿರಲೆಂದು ಬಾಗಿಲು ಹಾಕಿ ಬೀಗ ಜಡಿದಿದ್ದರಂತೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನವಂತೆ. ತಂಪು ನಿಂತು ಗಂಟೆಯ ಮೇಲಾಗಿತ್ತಂತೆ. ಸತ್ತವರ ಸಾಲಿನಲ್ಲಿ ಹುಲಿಗೆಮ್ಮನಿಗೆ ಒಂದು ಹಳದಿ ಫ್ರಾಕು ಕಂಡಿತು. ಬೆಳಿಗ್ಗೆ ಟಾಟಾ ಮಾಡಿದಾಗ ಕಮಲಿ ತೊಟ್ಟಿದ್ದದ್ದು ಅದನ್ನೇ.

ಅವಳು ಕಿರುಚುವ ಮೊದಲೇ ಪರದೆಯ ಮೇಲೆ ಜನ ಒಬ್ಬನನ್ನು ಕಾಲು ಹಿಡಿದು ಎಳೆದು ತಂದರು. ಮಂಟಪದ ಮ್ಯಾನೇಜರ್ ಪಂಪಾಪತಿ. ಊರಿನ ಮದುವೆಗಳಲ್ಲೆಲ್ಲ ಮೈಕಿನವನಿಗೆ ಕೈಬೀಸಿ 'ಸೌಂಡ್ ದೊಡ್ಡದು ಮಾಡೋ' ಎಂದು ಕೂಗುತ್ತ ಓಡಾಡುವ, ಎಲ್ಲರಿಗೂ ಬೇಕಾದ ಮನುಷ್ಯ. ಒಬ್ಬ ಅವನ ಮುಖಕ್ಕೆ ಕಲ್ಲು ಎತ್ತಿಹಾಕಿದ. ಹಲ್ಲು ಮುರಿದ ಬಾಯಿಂದ ಪಂಪಾಪತಿ ಕೂಗುತ್ತಿದ್ದ:

"ನಾನು ದೊಡ್ಡದು ಮಾಡು ಅಂದ್ನಿ! ಎಲ್ಲಾ ಡಬ್ಬಿಗೂ ಹೋಗಿ ಅಂದ್ನಿ! ಅದು ಆಗಲಿ ಅಂತ್ರಪ್ಪೋ! ಆಗಲಿ ಅಂತು!"

ಏನು ಹೇಳುತ್ತಿದ್ದಾನೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ. ಸಲಿಕೆಗಳು ಏರಿ ಇಳಿದವು. ಕೂಗು ನಿಂತ ಮೇಲೂ ಅವು ಏರಿ ಇಳಿಯುತ್ತಲೇ ಇದ್ದವು. ಬಳ್ಳಾರಿಯಲ್ಲಿ ಅವನ ಮಾತು ಅರ್ಥವಾದದ್ದು ಒಬ್ಬಳಿಗೇ.

"ಸರ್," ಎಂದಳು ಹುಲಿಗೆಮ್ಮ. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. "ಅದು ನನ್ನ ಪಾಠ. ಹೆಚ್ಚು ಮಾಡು ಅಂತ ಅಂವ ಕೇಳ್ಯಾನ. ನಮ್ಮ ಡಬ್ಬಿ ಮುಚ್ಚೈತಿ. ಮತ್ತ ಕೇಳ್ಯಾನ, ಇನ್ನೊಂದು ಮುಚ್ಚೈತಿ."

ಬಾಷಾರ ಮುಖ ಬಿಳಿಚಿತು. "ಅಳಸು. ಈಗಿಂದೀಗ ಅಳಸು. ಇನ್ನ ಎಷ್ಟು ಮನಿಯಾಗ ಯಾರ್ಯಾರು ಅನ್ನಾಕತ್ತಾರೋ!"

ಅವಳು ಅಳಿಸಿದಳು. ಪಾಠ ಹೋದ ಮೇಲೆ ಯಂತ್ರಕ್ಕೆ ಉಳಿದದ್ದು ನಿಘಂಟಿನ ಅರ್ಥ: ದೊಡ್ಡದು ಎಂದರೆ ದೊಡ್ಡದು. ಅರ್ಥ ಎರಡಿದ್ದಾಗ 'ಯಾವುದು?' ಎಂದು ತಿರುಗಿ ಕೇಳಲು ಕಲಿಸಬಹುದಿತ್ತು. ಅದಕ್ಕೆ ಅರ್ಧ ದಿನ ಬೇಕಿತ್ತು, ಗೇಟಿನ ಹೊರಗೆ ಆಗಲೇ ಗದ್ದಲ ಕೇಳುತ್ತಿತ್ತು.

ಮಂಟಪದಿಂದ ಹೊರಟ ಜನ ದಾರಿಯುದ್ದಕ್ಕೂ ಬೆಳೆಯುತ್ತ ಬಂದಿದ್ದರು. ಕೆಲಸ ಕಳೆದುಕೊಂಡ ಮೆಕ್ಯಾನಿಕ್‌ಗಳು, ಮಕ್ಕಳನ್ನು ಕಳೆದುಕೊಂಡವರು, ಏನೂ ಕಳೆದುಕೊಳ್ಳದೆ ಸುಮ್ಮನೆ ಬಂದವರು. ಉರಿಯುವ ಬೆಂಕಿಗೆ ಎಣ್ಣೆ ಹೊಯ್ಯುವವರಿಗೆ ಯಾವ ಊರಲ್ಲೂ ಬರವಿಲ್ಲ. ತಂಪಿನಮನೆಯವರು ಬೇಕೆಂದೇ ಕೊಳವೆ ಮುಚ್ಚಿ ಕೊಂದರು ಎಂಬ ಮಾತು ಅವರಿಗಿಂತ ಮುಂದೆ ಓಡಿ ಬಂದಿತ್ತು. ಎಲ್ಲರ ಮುಂದೆ ಎರ್ರಿಸ್ವಾಮಿ ಇದ್ದ. ಹುಬ್ಬಿನ ರಕ್ತ ಒಣಗಿ ಕಪ್ಪಾಗಿತ್ತು. ಕೈಯಲ್ಲಿ ಅದೇ ಪಾನಾ.

ಅವನು ಗೇಟಿನ ಕಂಬದಲ್ಲಿದ್ದ ಮಾತಿನ ಡಬ್ಬಿಗೆ ಬಾಯಿ ಹಚ್ಚಿದ. "ಅಕ್ಕಾ, ಒಳಗ ಅದೀಯೇನು?"

"ಅದೀನಿ ಎರ್ರಿ."

"ಕಮಲಿ ಹೋತಲ್ಲಕ್ಕಾ."

ಹುಲಿಗೆಮ್ಮ ಮೈಕಿನ ಕಡೆ ಬಾಗಿದಳು. ಪರದೆಯ ಮೇಲೆ ತಮ್ಮನ ಮುಖ ಇಡಿಯಾಗಿ ಕಾಣುತ್ತಿತ್ತು.

"ಮಂಟಪದ ನೆರಳಾಗ ತಣ್ಣಗ ಮಲಗಿಸಿ ಬಂದೀನಿ. ತಲೀ ಕಡಿ ದೀಪ ಇಟ್ಟಾರ." ಅವನ ಹಣೆ ಕಂಬಕ್ಕೆ ತಾಗಿತು. "ಅವ್ವ ದಿನಾ ಬೈತಿದ್ಲು, ಆ ಮಾತು ಆಡಬ್ಯಾಡ, ಮಕ್ಕಳೊಂದಿಗ ಅದಿ ಅಂತ. ನಾ ನಕ್ಕೊಂತ ದಿನಾ ಆಡಿದ್ನಿ. ನನ್ನ ಬಾಯಿಂದನ ನನ್ನ ದೀಪ ಹೋತಕ್ಕಾ. ಇನ್ನ ಸಾಯೋತನಕ ಆ ಮಾತು ಈ ಬಾಯಾಗ ಬರಾಂಗಿಲ್ಲ."

ಅಲ್ಲೋ ತಮ್ಮಾ, ನಿನ್ನ ಬಾಯಲ್ಲ ಕೊಂದದ್ದು, ನನ್ನ ಪಾಠ: ಇಷ್ಟು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಡಬ್ಬಿಯಲ್ಲಿ ಆಡಿದ್ದು ಗೇಟಿನ ಹೊರಗಿನ ಸಾವಿರ ಜನಕ್ಕೂ ಕೇಳುತ್ತದೆ. ಪಂಪಾಪತಿಯ ಬಾಯಿ ಅವಳ ಕಣ್ಣ ಮುಂದೆ ಬಂತು, ಏರಿ ಇಳಿದ ಸಲಿಕೆಗಳು ಬಂದವು. ಅವಳಿಗೆ ಭಯವಾಯಿತು. ಮತ್ತೇನೂ ಅಲ್ಲ, ಬರೀ ಭಯ.

"ಮನಿಗೆ ಹೋಗೋ ಎರ್ರಿ," ಎಂದಳು.

"ಮನಿಯಾಗ ಏನೈತಿ?" ಎಂದ ಅವನು. ಮುಖ ಎತ್ತಿದ. ಕಣ್ಣುಗಳಲ್ಲಿ ನೀರಿರಲಿಲ್ಲ. "ನನ್ನ ಮನಿ ಹಾಳಾದ ಮ್ಯಾಲೆ ಈ ಮನಿ ನಿಲ್ಲಬಾರದು."

ಅದಿರಿನ ಲಾರಿಯೊಂದು ಹಿಂದಕ್ಕೆ ಸರಿದು ಬಂದು ಗೇಟಿಗೆ ಗುದ್ದಿತು. ಕಾವಲಿನವನೊಬ್ಬ ಹೆದರಿ ಬಂದೂಕು ಹಾರಿಸಿದ. ಮುಂದಿದ್ದ ಮುದುಕನೊಬ್ಬ ಕುತ್ತಿಗೆ ಹಿಡಿದುಕೊಂಡು ಕುಸಿದ. ಆಮೇಲೆ ಆ ಕಾವಲಿನವನನ್ನು ಗುರುತು ಹಿಡಿಯುವ ಹಾಗೆ ಯಾರೂ ಉಳಿಸಲಿಲ್ಲ. ಜೀಪುಗಳಿಗೆ ಬೆಂಕಿ ಬಿತ್ತು. ಜನ ಅಂಗಳ ತುಂಬಿ ಯಂತ್ರದ ಹಾಲಿಗೆ ನುಗ್ಗಿದರು. ಗುದ್ದಲಿ, ಹಾರೆ, ಸುತ್ತಿಗೆ, ಕೈಗೆ ಸಿಕ್ಕದ್ದರಿಂದ ಎಲ್ಲವನ್ನೂ ಬಡಿಯತೊಡಗಿದರು. ಕಂಟ್ರೋಲ್ ರೂಮಿನ ಕಬ್ಬಿಣದ ಬಾಗಿಲಿಗೂ ಏಟುಗಳು ಬಿದ್ದವು. ಬಾಷಾ ಅದಕ್ಕೆ ಬೆನ್ನು ಕೊಟ್ಟು ನಿಂತು ಗ್ಯಾಸಿನ ಮುಖವಾಡ ಕಟ್ಟಿಕೊಳ್ಳುತ್ತಿದ್ದರು.

ಎರ್ರಿಸ್ವಾಮಿ ಎಷ್ಟು ಕೆರಳಿದ್ದರೂ ಕಸುಬು ಮರೆತಿರಲಿಲ್ಲ. ಪಂಪುಗಳನ್ನು ಒಡೆಯುತ್ತಿದ್ದವನು ತಿರುಗಿ ನೋಡಿ ಕಿರುಚಿದ: "ಹಳದಿ ಪೈಪಿಗೆ ಕೈ ಹಚ್ಚಬ್ಯಾಡ್ರಲೇ! ಅದು ಗ್ಯಾಸು! ಎಲ್ಲಾರೂ ಸಾಯ್ತೀರಿ!"

ಕೇಳುವ ಕಿವಿ ಯಾರಿಗಿತ್ತು? ಗುದ್ದಲಿಯೊಂದು ಹಳದಿ ಪೈಪಿನ ಬೆಸುಗೆಗೆ ಬಿತ್ತು. ಬಿಳಿಯ ಹೊಗೆಯೊಂದು ಶಿಳ್ಳೆ ಹೊಡೆಯುತ್ತ ಹೊರಬಂತು. ಗುದ್ದಲಿ ಹಿಡಿದಿದ್ದವನು ಕಣ್ಣು ಕಿತ್ತುಕೊಳ್ಳುವಂತೆ ಮುಖ ಪರಚಿಕೊಂಡು ಬಿದ್ದ. ಅವನ ಹಿಂದಿನವನು ಕೆಮ್ಮಿದ. ಕೆಮ್ಮಿನ ಜೊತೆ ರಕ್ತ ಬಂತು. ಜನ ಬಂದ ಬಾಗಿಲಿಗೇ ತಿರುಗಿ ಒಬ್ಬರನ್ನೊಬ್ಬರು ತುಳಿಯುತ್ತ ಓಡಿದರು. ಬಿದ್ದವರು ಏಳಲಿಲ್ಲ.

ಹಾಲಿನಲ್ಲಿ ಉಳಿದವನು ಎರ್ರಿಸ್ವಾಮಿ ಒಬ್ಬನೇ. ಟವೆಲನ್ನು ಚೆಲ್ಲಿದ ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಅವನು ಬಾಗಿಲ ಕಡೆಗಲ್ಲ, ಮುಖ್ಯ ಗ್ಯಾಸ್ ವಾಲಿನ ಕಡೆಗೆ ಓಡಿದ. ಗಾಳಿ ಊರಿನ ಕಡೆಗೆ ಬೀಸುತ್ತಿತ್ತು. ಮೊದಲ ಬೀದಿಯೇ ಅವನ ಅವ್ವನದು. ವಾಲಿನ ಚಕ್ರವನ್ನು ಎರಡೂ ಕೈಯಿಂದ ಜಗ್ಗಿದ. ಯಾರೋ ಸುತ್ತಿಗೆಯಿಂದ ಬಡಿದು ಅದರ ಕಂಬಿ ಬಾಗಿಸಿದ್ದರು. ಪಾನಾ ಹಾಕಿ ಜಗ್ಗಿದ. ಅಲುಗಲಿಲ್ಲ.

ಹುಲಿಗೆಮ್ಮ ಮೈಕಿಗೆ ಬಾಯಿ ಹಚ್ಚಿದಳು. "ಎರ್ರೀ! ಚಕ್ರ ಬಿಡು! ಪಕ್ಕದಾಗ ಕರಿ ಡಬ್ಬಿ ಐತಿ ನೋಡು. ಅದಕ್ಕ ಬಾಯಿಂದ ಹೇಳೋ! ಹೇಳಿದ್ರ ಒಳಗಿನ ಮೋಟರು ಮುಚ್ಚತೈತಿ!"

ಅನಾಹುತದ ಹೊತ್ತಿನಲ್ಲಿ ವಾಲಿನ ಹತ್ತಿರ ನಿಂತವನ ದನಿಯೇ ನಡೆಯುತ್ತಿತ್ತು. ದೂರದಲ್ಲಿ ಕೂತವರಿಗೆ ಗ್ಯಾಸು ಕಾಣುವುದಿಲ್ಲ, ಹತ್ತಿರದವನಿಗೇ ಮೊದಲ ಮಾತು ಎಂದು ನಿಯಮ ಮಾಡಿದ್ದರು. ಒಳ್ಳೆಯ ನಿಯಮವೇ. ಎರ್ರಿಸ್ವಾಮಿ ಕಾಡಿಸುವ ಹುಡುಗನಂತೆ ನೂರು ಸಲ ಆಡಿದ ಆ ಒಂದು ಮಾತು ಆಡಿದರೆ ಸಾಕಿತ್ತು.

ಅವನು ಟವೆಲು ಸರಿಸಿದ. "ಆ..." ಎಂದ. ಅಲ್ಲಿಗೇ ಹಲ್ಲು ಕಚ್ಚಿದ. ಮಗಳ ತಲೆಯ ಬಳಿ ಇಟ್ಟು ಬಂದ ದೀಪ ಅವನ ಕಣ್ಣ ಮುಂದೆ ಬಂದಿರಬೇಕು. ಹುಲಿಗೆಮ್ಮ ನೋಡುತ್ತಿದ್ದಂತೆ ಅವನ ಎರಡೂ ಕೈಗಳು ಮೇಲೆದ್ದು, ಥೇಟು ಅವ್ವನ ಹಾಗೆ, ಡಬ್ಬಿಯ ಮುಂದೆ ಜೋಡಿಕೊಂಡವು.

"ದೊಡ್ಡದು ಮಾಡಪ್ಪ," ಎಂದ.

"ಆಗಲಿ," ಎಂದಿತು ಡಬ್ಬಿ.

"ಬ್ಯಾಡ! ಬಂದ್ ಮಾಡು! ಆರ್ಸು! ಆರ್ಸು!" ಹುಲಿಗೆಮ್ಮ ಮೈಕಿನಲ್ಲಿ ಕಿರುಚಿದಳು, ಮೇಜಿಗೆ ಹಣೆ ಬಡಿದುಕೊಂಡು ಕಿರುಚಿದಳು. ಅವಳ ದನಿ ದೂರದ್ದು. ಅರ್ಧ ತೆರೆದಿದ್ದ ವಾಲ್ ಪೂರ್ತಿ ತೆರೆದುಕೊಂಡಿತು. ಬೆಸುಗೆ ಬಿಟ್ಟ ಪೈಪು ಸಿಡಿದು ಎರ್ರಿಸ್ವಾಮಿಯ ಎದೆಗೆ ಬಡಿಯಿತು. ಅವನು ಏಳಲು ನೋಡಿದ. ಮೊಣಕಾಲ ಮೇಲೆ ಕೂತ. ಪರದೆಯ ತುಂಬ ಬಿಳಿ ಹರಡಿತು, ಆಮೇಲೆ ಬಿಳಿ ಬಿಟ್ಟು ಏನೂ ಕಾಣಲಿಲ್ಲ.

ಬಾಷಾ ಮುಖವಾಡ ಹಾಕಿಕೊಂಡು ಹಿಂದಿನ ಏಣಿಯಿಂದ ಇಳಿದರು. ಟ್ಯಾಂಕಿನ ಬುಡದ ಕೈವಾಲನ್ನು ತಿರುಗಿಸಿ ಗ್ಯಾಸು ನಿಲ್ಲಿಸಿ, ಗುಂಡಿಯ ನೀರನ್ನು ಮಳೆಯಂತೆ ಯಂತ್ರದ ಹಾಲಿನ ಮೇಲೆ ಸುರಿಸಿದರು. ಅಮೋನಿಯಾ ನೀರಿಗೆ ಬೇಗ ಸೋಲುತ್ತದೆ. ಊರಿನ ಮೊದಲ ಬೀದಿಯವರಿಗೆ ಕಣ್ಣು ಉರಿಯಿತು, ಹಲವರು ಆಸ್ಪತ್ರೆ ಸೇರಿದರು, ಯಾರೂ ಸಾಯಲಿಲ್ಲ. ಮಾರೆಮ್ಮ ಬಾಗಿಲು ಹಾಕಿಕೊಂಡು ಒದ್ದೆ ಸೀರೆ ಮುಖಕ್ಕಿಟ್ಟು ಕೂತಿದ್ದಳು. ಅವಳಿಗೆ ಆಗ ಮೊಮ್ಮಗಳ ಸುದ್ದಿಯಷ್ಟೇ ಗೊತ್ತಿತ್ತು.

ತನಿಖೆ ನಡೆಯಿತು. ಹುಲಿಗೆಮ್ಮ ಅಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಸಾಹೇಬರು ಎಲ್ಲ ಕೇಳಿ, ದುರಂತಕ್ಕೆ ಭಾಷೆಯ ಗೊಂದಲ ಕಾರಣ ಎಂದು ತೀರ್ಮಾನಿಸಿದರು. ಭಾಷೆಯ ಮೇಲೆ ತಪ್ಪು ಹೊರಿಸುವುದು ಸುಲಭ, ಅದಕ್ಕೆ ಕೈಕೋಳ ಹಾಕಲಾಗುವುದಿಲ್ಲ. ತಂಪಿನಮನೆ ರಿಪೇರಿಯಾಗಿ ಮತ್ತೆ ಶುರುವಾಯಿತು. ಊರಿಗೆ ಬೇರೆ ದಾರಿ ಇರಲಿಲ್ಲ. ಬಿಸಿಲು ಸತ್ತವರ ಲೆಕ್ಕ ಕೇಳಿ ಇಳಿಯುವುದಿಲ್ಲ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನ ಬಗ್ಗೆ ಗಾದೆ ಮಾಡಿದವರು ಏನೂ ಹೇಳಿಲ್ಲ. ಹುಲಿಗೆಮ್ಮ ಗೇಟಿನ ಡಬ್ಬಿಯಲ್ಲಿ ಆ ಒಂದು ಮಾತು ಆಡಿದ್ದರೆ, ಪಾಠ ಕೊಂದದ್ದೂ ಅದನ್ನು ಅಳಿಸಿದ್ದೂ ಎರ್ರಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದರೆ ಬಂದ್ ಮಾಡು ಎನ್ನುತ್ತಿದ್ದ, ನಿಲ್ಲಿಸು ಎನ್ನುತ್ತಿದ್ದ, ಏನಾದರೂ ಎನ್ನುತ್ತಿದ್ದ. ಹುಲಿಗೆಮ್ಮ ಸಾಹೇಬರಿಗೆ ಹೇಳಿದ್ದನ್ನು ತಾಯಿಗೆ ಹೇಳಿರಲಿಲ್ಲ.

ಮಗನ ಮನೆಯಲ್ಲಿ ಎಲ್ಲ ಕರ್ಮ ಮುಗಿದು, ಮಂಟಪದಿಂದ ಜೀವ ಉಳಿಸಿಕೊಂಡು ಬಂದಿದ್ದ ನಾಗವೇಣಿಯನ್ನು ತವರಿನವರು ಕರೆದುಕೊಂಡು ಹೋದ ಮೇಲೆ ಮಾರೆಮ್ಮ ಮಗಳ ಮನೆಗೆ ಮರಳಿದಳು. ಸಂಜೆ ಎರಡು ಫೋಟೋಗಳ ಮುಂದೆ ದೀಪ ಹಚ್ಚಿದಳು, ದೊಡ್ಡದೊಂದು, ಚಿಕ್ಕದೊಂದು. ಡಬ್ಬಿಯಿಂದ ತಂಪು ಮೆಲ್ಲಗೆ ಬರುತ್ತಿತ್ತು. ದೀಪಗಳು ಅಲುಗಿದವು.

ಮುದುಕಿ ಡಬ್ಬಿಯ ಕಡೆ ತಿರುಗಿ ಕೈಮುಗಿದಳು. "ದೀಪಕ್ಕ ಗಾಳಿ ಬಡೀತೈತಿ. ದೊಡ್ಡದು ಮಾಡಪ್ಪ."

"ಆಗಲಿ," ಎಂದಿತು ಡಬ್ಬಿ. ಗಾಳಿ ಜೋರಾಯಿತು.

ಬಾಗಿಲಲ್ಲಿದ್ದ ಹುಲಿಗೆಮ್ಮ ಕಲ್ಲಾಗಿ ನಿಂತಳು. ಮಾರೆಮ್ಮ ಎರಡೂ ಅಂಗೈಗಳನ್ನು ದೀಪಗಳ ಸುತ್ತ ಅಡ್ಡ ಹಿಡಿದಳು. "ಹೇಳಿದ್ದು ಕೇಳಸಲಿಲ್ಲೇನು? ದೊಡ್ಡದು ಮಾಡಪ್ಪ! ದೊಡ್ಡದು ಮಾಡೋ!"

"ಆಗಲಿ. ಆಗಲಿ."

ಹಿಮದಂಥ ಗಾಳಿ ಸೆರಗನ್ನು ಹಾರಿಸಿತು. ಮೊದಲು ಚಿಕ್ಕ ದೀಪ ಹೋಯಿತು, ಅದರ ಹಿಂದೆಯೇ ದೊಡ್ಡದು. ಬತ್ತಿಗಳಿಂದ ಎರಡು ಎಳೆ ಹೊಗೆ ಎದ್ದು ಗಾಳಿಯಲ್ಲಿ ಕಲೆತುಹೋಯಿತು. ಅಡ್ಡ ಹಿಡಿದ ಕೈಗಳನ್ನು ಮುದುಕಿ ತುಂಬ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ತನ್ನ ಎಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದಳು.

"ಆರಿ ಹೋದವು," ಎಂದಳು. ಡಬ್ಬಿಯ ಕಡೆ ನೋಡದೆಯೇ ಹೇಳಿದಳು: "ನೀನೂ ಆರಪ್ಪಾ. ಈ ಮನಿಯಾಗ ಇನ್ನ ಆರಾಕ ಏನು ಉಳದೈತಿ."

"ಆಗಲಿ," ಎಂದಿತು ಡಬ್ಬಿ. ಗಾಳಿ ನಿಂತಿತು.

ಕತ್ತಲಲ್ಲಿ ಹುಲಿಗೆಮ್ಮ ತಾಯಿಯ ಎದುರು ನೆಲದ ಮೇಲೆ ಕೂತಳು.

"ಯವ್ವಾ," ಎಂದಳು. "ಆ ಮಾತು ಅದಕ್ಕ ಕಲಿಸಿದಾಕಿನೂ ನಾನ, ಅಳಿಸಿದಾಕಿನೂ ನಾನ. ಎರ್ರಿ ಗೇಟಿಗೆ ಬಂದಾಗ ಹೇಳದ ಸುಮ್ನ ಕುಂತಾಕಿನೂ ನಾನ."

ಕೋಣೆಯೊಳಗೆ ಮೆಲ್ಲಗೆ ಸೆಕೆ ಬರತೊಡಗಿತು.

"ಎಲ್ಲಾ ಹೇಳು," ಎಂದಳು ಮಾರೆಮ್ಮ.